ಶೇತಸನದಿ ರಾಯಣ್ಣ

ಪೂರ್ವಜರ ಸೈನಿಕವೃತ್ತಿಯನ್ನು ಸ್ಮರಿಸಲು ಕುಲಬಾಂಧವರು ಸಭೆ ಕೂಡಿದಾಗ ಖಡ್ಗದ ಮಾತೇ ಹೆಚ್ಚು, ಹೊಲದ ಮಾತು ಕಡಿಮೆ. ಸಂಗೊಳ್ಳಿ ರಾಯಣ್ಣನ ಚರಿತ್ರೆಯನ್ನಾದರೂ ನಾವು ಹೊಲದಿಂದಲೇ ಆರಂಭಿಸಬಯಸುತ್ತೇವೆ. ಕೃಷ್ಣಾತೀರದ ದಿಗ್ಗೇವಾಡಿಯ ವಾಚಕರಿಗೆ ಮಲಪ್ರಭಾತೀರದ ಸಂಗೊಳ್ಳಿಯು ಪರಸ್ಥಳವಲ್ಲ. ಎರಡೂ ಬೆಳಗಾವಿ ಜಿಲ್ಲೆಯವೇ.

ಶೇತಸನದಿಯೆಂದರೆ ಕಾವಲಿಗೂ ಕಾಳಗಕ್ಕೂ ಕರೆದಾಗ ಬರತಕ್ಕ, ಅದಕ್ಕಾಗಿ ಸನದಿನ ಭೂಮಿಯನ್ನು ವಂಶಪಾರಂಪರ್ಯವಾಗಿ ಉಣ್ಣತಕ್ಕ ಊರ ಸಿಪಾಯಿ. ತಂದೆಯಿಂದ ಮಗನಿಗೆ ಹೊಲದೊಡನೆ ಸೇವೆಯೂ ಇಳಿಯುತ್ತಿತ್ತು. ರಾಯಣ್ಣನು ಅಂಥ ಮನೆಯವನು. 1824ರ ಅಕ್ಟೋಬರ 23ರಂದು ಕಿತ್ತೂರಿನ ಮುಂದೆ ಥ್ಯಾಕರೆಯು ಮಡಿದನು. ಡಿಸೆಂಬರದಲ್ಲಿ ಕಿತ್ತೂರೂ ಬಿದ್ದಿತು. ತರುವಾಯ ಕಂಪನಿ ಸರಕಾರವು ಅವನ ಭೂಮಿಯಲ್ಲಿ ಬಹುಭಾಗವನ್ನು ಕಸಿದು, ಉಳಿದುದರ ಮೇಲೆ ಕರ ಹೇರಿತು. ಕಾರಕೂನರಿಗೆ ಅದು ಲೆಕ್ಕದ ಒಂದು ಸಾಲು. ಸನದಿಯ ಮನೆಗಾದರೋ ಅಜ್ಜಂದಿರ ಸೇವೆಯನ್ನೇ ಅಳಿಸಿದಂತೆ.

1829ರಲ್ಲಿ ಚೆನ್ನಮ್ಮರಾಣಿಯು ಬೈಲಹೊಂಗಲದ ಸೆರೆಯಲ್ಲಿ ದೇಹವಿಟ್ಟಳು. ರಾಯಣ್ಣನು ದತ್ತಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ ದಂಡು ಕೂಡಿಸಿ ಸರಕಾರಿ ಕಚೇರಿಗಳನ್ನು ಸುಟ್ಟನು. 1830ರಲ್ಲಿ ಅವನನ್ನು ಹಿಡಿದುಕೊಟ್ಟವರು ಈ ನಾಡಿನವರೇ ಎಂದು ಬರೆಯಲು ನಮಗೆ ಲಜ್ಜೆಯಾಗುತ್ತದೆ. 1831ರ ಜನವರಿ 26ರಂದು ನಂದಗಡದ ಬಳಿ ಗಲ್ಲಾಯಿತು. ಅಲ್ಲಿಯ ಆಲದ ಮರಕ್ಕೆ ಸಂತಾನಾಪೇಕ್ಷಿಗಳು ತೊಟ್ಟಿಲು ಕಟ್ಟುತ್ತಾರೆ. ಕಟ್ಟುವವರು ಅವನ ಕುಲದವರಷ್ಟೇ ಅಲ್ಲ.