ಕೊಬ್ಬಿನ ಜಾಡು ಹಿಡಿದ ಕ್ಲಾಡ್ ಬರ್ನಾರ್ಡ್

ಈ ಶಾಲೆಯಲ್ಲಿ ಜೀರ್ಣಕ್ರಿಯೆಯ ಪಾಠವನ್ನು ಬಾಯಿಪಾಠ ಮಾಡಿದವನು ನಾನು. ಮೇದೋಜೀರಕ ರಸವು ಕೊಬ್ಬನ್ನು ಒಡೆಯುತ್ತದೆಂಬ ಒಂದು ಸಾಲಿನ ಹಿಂದೆ ಒಂದು ಬಾಳೇ ಇದೆಯೆಂದು ತಿಳಿದದ್ದು ನಾನೂ ಅಧ್ಯಾಪಕನಾದ ಮೇಲೆ.

ಕ್ಲಾಡ್ ಬರ್ನಾರ್ಡರು 1813ರಲ್ಲಿ ಫ್ರಾನ್ಸಿನ ಸೇಂಟ್ ಜೂಲಿಯನ್ ಗ್ರಾಮದ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಜನಿಸಿದರು. ಲಿಯಾನ್ ನಗರದ ಔಷಧಾಲಯದಲ್ಲಿ ದುಡಿಯುತ್ತ ನಾಟಕ ಬರೆದರು. ವಿಮರ್ಶಕರೊಬ್ಬರ ಸಲಹೆಯಂತೆ ವೈದ್ಯಶಾಸ್ತ್ರಕ್ಕೆ ತಿರುಗಿದರು. 1844ರಲ್ಲಿ ಅಧ್ಯಾಪಕ ಹುದ್ದೆಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು.

ಆದರೂ ಪ್ರಯೋಗವನ್ನು ಕೈಬಿಡಲಿಲ್ಲ. ಮೊಲದ ಕರುಳಿಗೆ ಪಿತ್ತನಾಳವು ಮೇಲ್ಗಡೆ, ಮೇದೋಜೀರಕ ನಾಳವು ಬಹಳ ಕೆಳಗೆ ಸೇರುತ್ತದೆ. ಕೊಬ್ಬು ತಿಂದ ಮೊಲದ ದುಗ್ಧನಾಳಗಳು ಈ ಎರಡನೆಯ ನಾಳದಿಂದ ಮುಂದಕ್ಕೆ ಹಾಲಿನಂತೆ ಬೆಳ್ಳಗಾಗಿದ್ದುದನ್ನು ಅವರು ಕಂಡರು. ಆ ರಸವು ಕೊಬ್ಬನ್ನು ಕೊಬ್ಬಿನ ಆಮ್ಲ ಮತ್ತು ಗ್ಲಿಸರಾಲ್‌ಗಳಾಗಿ ಒಡೆಯುವುದೆಂದು ತೋರಿಸಿದರು. ಪಿತ್ತರಸವು ಕೊಬ್ಬನ್ನು ಸಣ್ಣ ಹನಿಗಳಾಗಿಸಿ ಆ ಕಾರ್ಯಕ್ಕೆ ನೆರವಾಗುವುದೆಂದು ಇಂದು ಬಲ್ಲೆವು.

ಜೀವಂತ ಪ್ರಾಣಿಗಳನ್ನು ಕೊಯ್ಯುವ ಅವರ ಪ್ರಯೋಗಗಳನ್ನು ಪತ್ನಿಯೇ ಸಹಿಸಲಿಲ್ಲ, ದಂಪತಿಗಳು ಬೇರೆಯಾದರು. 1878ರಲ್ಲಿ ನಿಧನರಾದಾಗ ಸರಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು. ಆ ಕೀರ್ತಿಯ ಲೆಕ್ಕದಲ್ಲಿ ಮೂಕಪ್ರಾಣಿಗಳ ನೋವೂ ಸೇರಿದೆ. ಪರೀಕ್ಷೆಯಲ್ಲಿ ಸೋತು ಬಂದ ಮಕ್ಕಳಿಗೆ ಈ ಬಾಳನ್ನು ವಿವರಿಸುವಾಗ ನಾನು ಎರಡನ್ನೂ ಹೇಳುತ್ತ ಬಂದಿದ್ದೇನೆ.