ವೈದ್ಯರ ಓದಿಗೆ ದಾರಿ ಮಾಡಿದ ಜಾನ್ ಶಾ ಬಿಲ್ಲಿಂಗ್ಸ್

ನಿಮ್ಮ ಕಾಯಿಲೆಯ ಬಗ್ಗೆ ಇನ್ನಷ್ಟು ಓದಿ ನೋಡಿ ಹೇಳುತ್ತೇನೆ ಎಂದು ವೈದ್ಯರು ಅಂದರೆ ಗಾಬರಿಯಾಗಬೇಡಿ. ಅದು ಒಳ್ಳೆಯ ಲಕ್ಷಣ. ಆದರೆ ಓದಲು ಬೇಕಾದದ್ದು ಅವರ ಕೈಗೆ ಸಿಗಬೇಕಲ್ಲ? ಅದಕ್ಕಾಗಿ ದುಡಿದವರಲ್ಲಿ ಅಮೆರಿಕದ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ (1838–1913) ಪ್ರಮುಖರು.

1860ರಲ್ಲಿ ಓಹಿಯೋದಲ್ಲಿ ವೈದ್ಯ ಪದವಿಗಾಗಿ ಅವರು ಬರೆದ ಪ್ರಬಂಧ ಮೂರ್ಛೆರೋಗದ ಶಸ್ತ್ರಚಿಕಿತ್ಸೆ ಕುರಿತದ್ದು. ಆ ಚಿಕಿತ್ಸೆಯಿಂದ ಎಷ್ಟು ಮಂದಿಗೆ ಗುಣವಾಗಿದೆ ಎಂಬ ಲೆಕ್ಕ ಬೇಕಿತ್ತು. ಅದಕ್ಕೆ ಬೇಕಾದ ಪುಸ್ತಕಗಳೆಲ್ಲ ಇರುವ ಒಂದು ಗ್ರಂಥಾಲಯವೂ ದೇಶದಲ್ಲಿ ಇರಲಿಲ್ಲ. ಆ ಕೊರತೆಯನ್ನು ಅವರು ಮರೆಯಲಿಲ್ಲ.

ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟ ಬಿಲ್ಲಿಂಗ್ಸ್, 1865ರಲ್ಲಿ ವಾಷಿಂಗ್ಟನ್‌ನಲ್ಲಿದ್ದ ಸೇನಾ ವೈದ್ಯಕೀಯ ಕಚೇರಿಯ ಪುಟ್ಟ ಗ್ರಂಥಾಲಯವನ್ನು ವಹಿಸಿಕೊಂಡರು. ಸೇನಾ ಆಸ್ಪತ್ರೆಗಳಲ್ಲಿ ಖರ್ಚಾಗದೆ ಉಳಿದಿದ್ದ ಹಣ ಪುಸ್ತಕ ಖರೀದಿಗೆ ಬಂತು. ಆದರೆ ಹಳೆಯ ಪತ್ರಿಕೆಗಳು ದುಡ್ಡು ಕೊಟ್ಟರೂ ಸಿಗುವಂಥವಲ್ಲ. ಆದ್ದರಿಂದ ಅವರು ವೈದ್ಯರಿಗೆ, ವೈದ್ಯ ಸಂಘಗಳಿಗೆ ಪತ್ರ ಬರೆದರು. ತಮ್ಮಲ್ಲಿ ಎರಡೆರಡಿದ್ದ ಪ್ರತಿಗಳನ್ನು ಕೊಟ್ಟು, ಇಲ್ಲದ್ದನ್ನು ಪಡೆದರು. 1895ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪುಸ್ತಕಗಳಿದ್ದವು.

ಪುಸ್ತಕ ಕೂಡಿಟ್ಟರೆ ಸಾಲದು, ಯಾವುದರಲ್ಲಿ ಏನಿದೆ ಎಂದೂ ತಿಳಿಯಬೇಕು. 1879ರಲ್ಲಿ ರಾಬರ್ಟ್ ಫ್ಲೆಚರ್ ಜೊತೆ ಸೇರಿ ಅವರು ಇಂಡೆಕ್ಸ್ ಮೆಡಿಕಸ್ ಆರಂಭಿಸಿದರು. ಹೊಸ ವೈದ್ಯಕೀಯ ಬರಹಗಳನ್ನು ವಿಷಯವಾರು ಪಟ್ಟಿ ಮಾಡುವ ಮಾಸಿಕ ಅದು. ಇಂದು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದಾದ ಪಬ್‌ಮೆಡ್‌ನ ಬೇರು ಅಲ್ಲಿದೆ. ಆ ಗ್ರಂಥಾಲಯವೇ ಈಗ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ.

ಪಟ್ಟಿ ಉಚಿತವಾದರೂ ಅದರಲ್ಲಿರುವ ಎಷ್ಟೋ ಪತ್ರಿಕೆಗಳು ದುಬಾರಿ. ಎಲ್ಲವನ್ನೂ ಒಂದೇ ಕಾಲೇಜು ಕೊಳ್ಳಲಾರದು. ಹಾಗಾಗಿ ಗ್ರಂಥಾಲಯಗಳು ಕೂಡಿ ಚಂದಾ ಕಟ್ಟುತ್ತವೆ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗಾಗಿ 2003ರಲ್ಲಿ ಹೆಲಿನೆಟ್ ಆರಂಭಿಸಿತು. ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಇಆರ್‌ಮೆಡ್ ಕೂಟವೂ ಇಂಥದ್ದೇ. ಇಂಥ ಕೂಟವಿದ್ದರೆ ದೊಡ್ಡ ಊರಿನ ವೈದ್ಯರು ಓದುವ ಲೇಖನವನ್ನೇ ಸಣ್ಣ ಊರಿನ ಕಾಲೇಜಿನ ವೈದ್ಯರೂ ಓದಬಹುದು. ಅದರ ಲಾಭ ಕೊನೆಗೆ ಮುಟ್ಟುವುದು ರೋಗಿಗೆ.

ಪಬ್‌ಮೆಡ್‌ನಲ್ಲಿ ನೀವೂ ಲೇಖನಗಳ ಸಾರಾಂಶ ಓದಬಹುದು. ಅರ್ಥವಾಗದ್ದನ್ನು ಗುರುತು ಹಾಕಿಕೊಂಡು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ಓದಿದ್ದನ್ನಷ್ಟೇ ನಂಬಿ ಮಾತ್ರೆ ನಿಲ್ಲಿಸಬೇಡಿ, ಪ್ರಮಾಣವನ್ನೂ ಬದಲಿಸಬೇಡಿ.