ಬಿಸ್ಕತ್ತು ಮಾರಿದ ಹುಡುಗನು

ಇಲವಾಲದಿಂದ ಹುಣಸೂರು ರಸ್ತೆಯಲ್ಲಿ ಮೈಸೂರಿಗೆ ಹೋಗುವ ವಾಚಕರು ದಾರಿಯ ಅಂಗಡಿಗಳಲ್ಲಿ ಸೈಕಲ್ ಗುರುತಿನ ಊದಿನಕಡ್ಡಿಯನ್ನು ಕಂಡಿರುವರು. ಆ ವ್ಯಾಪಾರವನ್ನು ಸ್ಥಾಪಿಸಿದ ಎನ್. ರಂಗರಾಯರ ಬಾಲ್ಯವು ಮಕ್ಕಳಿಗೂ ಹೆತ್ತವರಿಗೂ ತಿಳಿಯತಕ್ಕದ್ದಾಗಿದೆ.

ರಂಗರಾಯರು 1912ರಲ್ಲಿ ಹುಟ್ಟಿದರು. ಅವರ ಎಳೆಯ ಪ್ರಾಯದಲ್ಲಿಯೇ ತಂದೆಯು ತೀರಿಹೋದದ್ದರಿಂದ ಮನೆಗೆ ಬಡತನವು ಬಂತು. ಶಾಲೆಯನ್ನು ಬಿಟ್ಟು ಕೂಲಿಗೆ ಹೋಗುವದು ಅಂಥ ಹುಡುಗರ ಸಾಮಾನ್ಯ ಗತಿಯಷ್ಟೆ. ಈ ಹುಡುಗನಾದರೋ ಸಗಟು ಬೆಲೆಗೆ ಬಿಸ್ಕತ್ತುಗಳನ್ನು ಕೊಂಡು, ಶಾಲೆಯ ಬಳಿಯಲ್ಲಿ ಮಾರಿ, ದೊರೆತ ಅಲ್ಪ ಲಾಭದಿಂದ ಓದಿನ ವೆಚ್ಚವನ್ನು ನಡಿಸಿದನು. ಕಾಸಿನ ವ್ಯಾಪಾರವಾದರೂ ಅದರಲ್ಲಿ ದೊಡ್ಡ ಪಾಠವಿತ್ತು. ಯಾಕಂದರೆ ಶಾಲೆಯ ಬಾಗಲಲ್ಲಿ ಮಾರುವವನಿಗೆ ದಿನದಿನವೂ ಅದೇ ಗಿರಾಕಿಗಳು. ಒಮ್ಮೆ ಮೋಸಮಾಡಿದರೆ ಮರುದಿನ ಯಾರೂ ಹತ್ತಿರ ಬಾರರು.

ಪ್ರಾಯಕ್ಕೆ ಬಂದ ಮೇಲೆ ಅವರು ಕೆಲವು ಕಾಲ ಪರರಲ್ಲಿ ನೌಕರಿ ಮಾಡಿ, 1948ರಲ್ಲಿ ಮೈಸೂರಿನಲ್ಲಿ ಸ್ವಂತ ವ್ಯಾಪಾರವನ್ನು ಆರಂಭಿಸಿದರು. ಗಂಧದ ಮರಕ್ಕೆ ಹೆಸರುವಾಸಿಯಾದ ಈ ಸೀಮೆಯಲ್ಲಿ ಸರಕಾರದ ಗಂಧದೆಣ್ಣೆಯ ಕಾರ್ಖಾನೆಯು ಆಗಲೇ ನಡೆಯುತ್ತಿತ್ತು. ಬಿದಿರುಕಡ್ಡಿಗೆ ಇದ್ದಲಪುಡಿಯ ಅಂಟುಹಿಟ್ಟನ್ನು ಕೈಯಿಂದ ಹೊಸೆದು ಒಣಗಿಸುವ ಕೆಲಸಕ್ಕೆ ದೊಡ್ಡ ಯಂತ್ರವೂ ಹೆಚ್ಚು ಮೂಲಧನವೂ ಬೇಕಾಗಿರಲಿಲ್ಲ. ಪರಿಮಳಗಳನ್ನು ಕೂಡಿಸುವ ವಿದ್ಯೆಯನ್ನು ಅವರು ಸ್ವಪ್ರಯತ್ನದಿಂದಲೇ ಕಲಿತರು. ಮೂರು ಪರಿಮಳಗಳನ್ನು ಒಂದೇ ಪೊಟ್ಟಣದಲ್ಲಿ ಕೊಡುವ ಕ್ರಮವೂ ಅವರ ವ್ಯಾಪಾರದಿಂದ ಪ್ರಸಿದ್ಧಿಗೆ ಬಂತು.

ಗುರುತಿಗೆ ಸೈಕಲನ್ನು ಆರಿಸಿದ್ದರಲ್ಲಿ ಅವರ ವಿವೇಕವು ಕಾಣುವದು. ಸೈಕಲ್ ಬಡವನ ವಾಹನ; ಅಕ್ಷರ ಬಾರದವನೂ ಬೇರೆ ಭಾಷೆಯವನೂ ಅದನ್ನು ಗುರುತಿಸಬಲ್ಲನು. ಕೊಳ್ಳುವವನ ಕಣ್ಣಿನಿಂದ ಸರಕನ್ನು ನೋಡುವ ಈ ಅಭ್ಯಾಸದ ಬೇರು ಶಾಲೆಯ ಬಾಗಲಿನಲ್ಲಿಯೇ ಇತ್ತೆಂದು ಹೇಳಿದರೆ ತಪ್ಪಾಗಲಾರದು.

ರಂಗರಾಯರು 1980ರಲ್ಲಿ ತೀರಿಹೋದರು. ಅವರ ಮಕ್ಕಳೂ ಮೊಮ್ಮಕ್ಕಳೂ ಆ ವ್ಯಾಪಾರವನ್ನು ಮುಂದುವರಿಸಿ ಪರದೇಶಗಳಿಗೂ ಮುಟ್ಟಿಸಿದರು.

ಹೆತ್ತವರೇ, ಈ ಚರಿತ್ರೆಯನ್ನು ತಪ್ಪಾಗಿ ತಿಳಿಯಬೇಡಿರಿ. ಎಳೆಯರನ್ನು ಶಾಲೆಯಿಂದ ಬಿಡಿಸಿ ದುಡಿಮೆಗೆ ಕಳುಹಿಸಬೇಕೆಂದು ಇದು ಕಲಿಸುವದಿಲ್ಲ. ಆ ಹುಡುಗನು ಓದುವದಕ್ಕೋಸ್ಕರ ಮಾರಿದನೇ ಹೊರತು ಮಾರುವದಕ್ಕೋಸ್ಕರ ಓದನ್ನು ಬಿಡಲಿಲ್ಲ. ರಜದ ದಿನ ಮಗನು ಹಿತ್ತಲಿನ ಸೊಪ್ಪನ್ನು ಮಾರಿ ನಾಲ್ಕು ಕಾಸು ತಂದರೆ ಅವನನ್ನು ಹೀಯಾಳಿಸದೆ ಲೆಕ್ಕ ಬರೆಯಲು ಕಲಿಸಿರಿ. ಆದರೆ ಶಾಲೆಯ ಗಂಟೆ ಬಾರಿಸಿದಾಗ ಬುಟ್ಟಿಯನ್ನು ನೀವೇ ಇಳಿಸಿಕೊಳ್ಳಿರಿ.